ರೇಡಿಯೊ ಹೊರಗಿಟ್ಟ ಪೇಟಿ, ರೇಡಿಯೊ ಹುಡುಕಿಕೊಂಡು ಹೋದ ಪೇಟಿ

ಕೆಲವು ವಾರಗಳ ಹಿಂದೆ ನಮ್ಮ ಕನ್ನಡ ವೇಳೆಯಲ್ಲಿ ಎರಡು ಭಾವಗೀತೆಗಳ ನಡುವೆ ಪರದೇಶದ ಒಂದು ವಾದ್ಯದ ತುಣುಕನ್ನು ಪ್ರಸಾರ ಮಾಡಿದ್ದೆವು. ಎರಡೂವರೆ ನಿಮಿಷದ್ದು, ಅಷ್ಟೇ. ಮರುದಿನ ಶಿರೂರಿನ ಕೇಳುಗರೊಬ್ಬರಿಂದ ಫೋನು ಬಂತು. "ಪೇಟಿ ಭಾಳ ಚಲೋ ಬಾರಿಸ್ಯಾರ್ರೀ. ಯಾರವರು, ನಮ್ಮ ಬೆಳಗಾವಿ ಕಡೆಯವರೇನು?" ಬಾರಿಸಿದವರು ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲೇರ್ ಸೀಮೆಯವರು. ವಾದ್ಯದ ಹೆಸರು ಕಾನ್ಸರ್ಟಿನಾ. ಆದರೂ ಆ ಕೇಳುಗರ ಕಿವಿಗೆ ನಾನು ನೂರಕ್ಕೆ ತೊಂಬತ್ತು ಅಂಕ ಕೊಡುತ್ತೇನೆ. ಯಾಕೆಂದರೆ ಕಾನ್ಸರ್ಟಿನಾ ನಮ್ಮ ಪೇಟಿಯ ಖಾಸಾ ದಾಯಾದಿ. ಈ ಇಬ್ಬರು ದಾಯಾದಿಗಳನ್ನು ಎರಡು ದೇಶಗಳ ರೇಡಿಯೊಗಳು ಹೇಗೆ ನಡೆಸಿಕೊಂಡವು ಎನ್ನುವುದು ಒಂದು ಕಥೆ. ರೇಡಿಯೊದಲ್ಲಿ ಅನ್ನ ತಿನ್ನುವ ನನಗೆ ಅದನ್ನು ನಿಮಗೆ ಹೇಳದೆ ಇರಲಾಗುವುದಿಲ್ಲ.

ಹಾರ್ಮೋನಿಯಂ ರಿಪೇರಿ ಮಾಡುವವರ ಅಂಗಡಿಯಲ್ಲಿ ಒಮ್ಮೆ ನಿಂತು ನೋಡಿ. ಪೆಟ್ಟಿಗೆಯ ಮೇಲಿನ ಹಲಗೆ ತೆಗೆದರೆ ಒಳಗೆ ಹಿತ್ತಾಳೆಯ ಪುಟ್ಟ ಪುಟ್ಟ ನಾಲಗೆಗಳ ಸಾಲು. ಒಂದೊಂದು ನಾಲಗೆಯೂ ಒಂದು ಚೌಕಟ್ಟಿನ ಮೇಲೆ ಒಂದೇ ತುದಿಯಲ್ಲಿ ಬಿಗಿದಿರುತ್ತದೆ, ಇನ್ನೊಂದು ತುದಿ ಸ್ವತಂತ್ರ. ತಿದಿಯ ಗಾಳಿ ನುಗ್ಗಿದಾಗ ನಾಲಗೆ ಚೌಕಟ್ಟಿನೊಳಗೆ ಹಿಂದೆ ಮುಂದೆ ಜೀಕಿ ಸ್ವರ ಹೊರಡುತ್ತದೆ. ನಾಲಗೆ ಉದ್ದವಾದರೆ ಮಂದ್ರ, ಗಿಡ್ಡವಾದರೆ ತಾರ. ಹಾರ್ಮೋನಿಯಂ, ಅಕಾರ್ಡಿಯನ್, ಬಾಯಲ್ಲಿಟ್ಟು ಊದುವ ಮೌತ್ ಆರ್ಗನ್, ನಮ್ಮ ಶ್ರುತಿಪೆಟ್ಟಿಗೆ, ಕಾನ್ಸರ್ಟಿನಾ, ಎಲ್ಲವೂ ಇದೇ ಉಪಾಯದ ಮಕ್ಕಳು. ಉಪಾಯದ ತವರು ಪೂರ್ವ ಏಷ್ಯಾ. ಚೀನಾದ ಶೆಂಗ್ ಎಂಬ ಬಿದಿರಿನ ವಾದ್ಯದಲ್ಲಿ ಇಂಥ ನಾಲಗೆಗಳು ಸಾವಿರಾರು ವರ್ಷಗಳಿಂದ ನುಡಿಯುತ್ತಿವೆ. ಯುರೋಪಿನವರು ಇದನ್ನು ಹಿಡಿದುಕೊಂಡು ಪ್ರಯೋಗಕ್ಕಿಳಿದದ್ದು ಹದಿನೆಂಟನೆಯ ಶತಮಾನದ ಕೊನೆಗೆ.

ಆಮೇಲೆ ಸಾಲು ಸಾಲಾಗಿ ವಾದ್ಯಗಳು ಹುಟ್ಟಿದವು. ಲಂಡನ್ನಿನ ಚಾರ್ಲ್ಸ್ ವೀಟ್‌ಸ್ಟೋನ್ 1829ರಲ್ಲಿ ಗುಂಡಿಗಳುಳ್ಳ ಒಂದು ಊದುವಾದ್ಯಕ್ಕೆ ಪೇಟೆಂಟ್ ಪಡೆದ. ಅದೇ ಬೆಳೆದು ಇಂಗ್ಲಿಷ್ ಕಾನ್ಸರ್ಟಿನಾ ಆಯಿತು. ಹೌದು, ಪಿಯುಸಿ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಮ್ಮನ್ನೆಲ್ಲ ಗೋಳಾಡಿಸಿದ ವೀಟ್‌ಸ್ಟೋನ್ ಬ್ರಿಜ್‌ನ ಅದೇ ವೀಟ್‌ಸ್ಟೋನ್! (ನಾನು ಕನ್ನಡ ಬಿ.ಎ. ಕಡೆಗೆ ಓಡಿಬಂದದ್ದರಲ್ಲಿ ಆ ಬ್ರಿಜ್ಜಿನ ಪಾತ್ರವೂ ಇದೆ.) 1834ರಲ್ಲಿ ಜರ್ಮನಿಯ ಕೆಮ್ನಿಟ್ಸ್ ಊರಿನ ಕಾರ್ಲ್ ಉಲಿಗ್ ಬೇರೆಯದೇ ಒಂದು ಕಾನ್ಸರ್ಟಿನಾ ಮಾಡಿದ. ಅದರಲ್ಲಿ ಒಂದು ಗುಂಡಿ ಒತ್ತಿ ತಿದಿಯನ್ನು ಒಳಕ್ಕೆ ಅದುಮಿದರೆ ಒಂದು ಸ್ವರ, ಹೊರಕ್ಕೆ ಎಳೆದರೆ ಇನ್ನೊಂದು ಸ್ವರ. ಐರ್ಲೆಂಡಿನ ಹಳ್ಳಿಗಳು ಒಲಿದದ್ದು ಈ ಎರಡನೆಯ ಬಗೆಗೆ. 1840ರ ದಶಕದ ಮೊದಲಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆ ಕಾಲಲ್ಲಿ ತಿದಿ ಒತ್ತುವ ದೊಡ್ಡ ಪೆಟ್ಟಿಗೆಗೆ ಹಾರ್ಮೋನಿಯಂ ಎಂದು ಹೆಸರಿಟ್ಟ. ಒಂದೇ ಪೀಳಿಗೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ಒಬ್ಬ ಪಶ್ಚಿಮದ ದ್ವೀಪಕ್ಕೆ ಹೋದ, ಇನ್ನೊಬ್ಬ ಹಡಗು ಹತ್ತಿ ನಮ್ಮ ಕಡೆ ಬಂದ.

ನಮ್ಮ ಕಡೆ ಎಂದರೆ ಎಲ್ಲೆಲ್ಲಿ? ಶಿರೂರನ್ನೇ ತೆಗೆದುಕೊಳ್ಳಿ. ಪುಣೆಯಿಂದ ಅಹಮದ್‌ನಗರದ ದಾರಿಯಲ್ಲಿ (2024ರಿಂದ ಅದು ಅಹಿಲ್ಯಾನಗರ) ಘೋಡ ನದಿಯ ದಂಡೆಗಿರುವ ಊರು. ಹಳಬರು ಇಂದಿಗೂ ಘೋಡನದಿ ಎಂದೇ ಕರೆಯುತ್ತಾರೆ. ಈಗ ಪಕ್ಕದ ರಾಂಜಣಗಾಂವದ ಕಾರ್ಖಾನೆಗಳಿಂದ ಗೊತ್ತು. ಇನ್ನೂರು ವರ್ಷಗಳ ಹಿಂದೆ ಅದು ಕಂಪನಿ ಸರ್ಕಾರದ ದಂಡಿನ ಠಾಣೆ. 1818ರ ಜನವರಿ 1ರಂದು ಕೋರೆಗಾಂವದಲ್ಲಿ ಪೇಶ್ವೆಯ ಸೈನ್ಯದೊಂದಿಗೆ ಕಾದಾಡಿದ ತುಕಡಿ ಹಿಂದಿನ ರಾತ್ರಿ ಹೊರಟದ್ದು ಶಿರೂರಿನಿಂದಲೇ. ದಂಡು ಕರಗಿದ ಮೇಲೆ ಬಂದವರು ಪಾದ್ರಿಗಳು. 1831ರಲ್ಲಿ ನಗರದಲ್ಲಿ ನೆಲೆನಿಂತ ಅಮೆರಿಕನ್ ಮರಾಠಿ ಮಿಷನ್ ಮುಂದೆ ಶಿರೂರಿನಲ್ಲೂ ಶಾಲೆ, ಚರ್ಚು, ಕೈಗಾರಿಕಾ ತರಬೇತಿ ನಡೆಸಿತು. ದೇಶದ ತುಂಬ ಇಂಥ ಮಿಷನ್ ಬಂಗಲೆಗಳ ಪ್ರಾರ್ಥನಾ ಮಂದಿರಗಳಲ್ಲೇ ನಮ್ಮವರು ಈ ಪೆಟ್ಟಿಗೆಯ ದನಿಯನ್ನು ಮೊದಲು ಕೇಳಿದ್ದು. ಯುರೋಪಿನಿಂದ ಬಂದ ದೊಡ್ಡ ಪೆಟ್ಟಿಗೆಗೆ ಕುರ್ಚಿ ಬೇಕು, ಎರಡು ಕಾಲು ಬೇಕು. ನೆಲದ ಮೇಲೆ ಚಕ್ಕಂಬಟ್ಟೆ ಹಾಕಿ ಕೂರುವ ನಮಗೆ ಒಗ್ಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಕತ್ತದ ದ್ವಾರಕಾನಾಥ ಘೋಷ್ ತಿದಿಯನ್ನು ಬೆನ್ನಿಗೆ ತಂದು, ಎಡಗೈಯಲ್ಲಿ ಒತ್ತಿ ಬಲಗೈಯಲ್ಲಿ ನುಡಿಸುವಂತೆ ಮಾಡಿದರು. ಅಲ್ಲಿಂದ ಮುಂದೆ ಪೇಟಿಯನ್ನು ಹಿಡಿಯುವವರೇ ಇಲ್ಲ.

ಕೀರ್ತನಕಾರರು ಎತ್ತಿಕೊಂಡರು. ವಾರಕರಿಗಳ ಭಜನೆಗೆ ಬಂತು, ನಮ್ಮ ಉತ್ತರ ಕರ್ನಾಟಕದ ಏಕತಾರಿ ಭಜನೆಗಳ ಪಕ್ಕದಲ್ಲೂ ಕೂತಿತು. ಎಲ್ಲಕ್ಕಿಂತ ಹೆಚ್ಚಾಗಿ ನಾಟಕದವರು ತಲೆಯ ಮೇಲೆ ಹೊತ್ತರು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿ ಮರಾಠಿ ಸಂಗೀತ ನಾಟಕಕ್ಕೆ ನಾಂದಿ ಹಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಎನ್ನುವುದನ್ನು ಪುಣೆಯ ಕನ್ನಡಿಗರಾದ ನಾವು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತಲೇ ಇರಬೇಕು; ಇದೋ ಹೇಳಿದ್ದೇನೆ. ಅದೇ ಕಿರ್ಲೋಸ್ಕರ ಮಂಡಳಿಯ ಪರಂಪರೆಯಿಂದ ಬಂದವರು ಗೋವಿಂದರಾವ್ ಟೇಂಬೆ. ಬರೀ ಸಾಥಿಯ ಪೇಟಿಗೆ ಅವರು ಕಛೇರಿಯ ಮರ್ಯಾದೆ ತಂದುಕೊಟ್ಟರು. ಇತ್ತ ಕನ್ನಡದ ಕಂಪನಿಗಳಲ್ಲಿ ಕಾಲು ಪೇಟಿಯ ಮಾಸ್ತರನೇ ರಾಜ. ನಟನಿಗೆ ಸುರು ಹಿಡಿದುಕೊಡುವವನು ಅವನು, ಮರೆತ ಸಾಲನ್ನು ಸ್ವರದಲ್ಲೇ ನೆನಪಿಸುವವನು ಅವನು, ಪ್ರೇಕ್ಷಕರು "ಒನ್ಸ್ ಮೋರ್" ಎಂದು ಕೂಗಿದಾಗ ಮತ್ತೆ ಎಲ್ಲಿಂದ ಎತ್ತಬೇಕೆಂದು ಕಣ್ಣಲ್ಲೇ ತೀರ್ಮಾನಿಸುವವನೂ ಅವನೇ.

ಹೀಗೆ ಊರೆಲ್ಲ ಮೆಚ್ಚಿದ ವಾದ್ಯದ ಮೇಲೆ ಪಂಡಿತರಿಗೆ ಮಾತ್ರ ಸಿಟ್ಟಿತ್ತು. ಸಿಟ್ಟಿಗೆ ಕಾರಣವೂ ಇತ್ತು. ಪೇಟಿಯ ನಾಲಗೆ ಎಂಬುದು ಒಮ್ಮೆ ಅರೆದು ಕೂರಿಸಿದರೆ ಮುಗಿಯಿತು, ಒಂದೇ ಸ್ವರ. ಷಡ್ಜದಿಂದ ಗಾಂಧಾರಕ್ಕೆ ಜಾರುವ ಮೀಂಡ್ ಅದಕ್ಕೆ ಬಾರದು. ಮೇಲಾಗಿ ಆ ಸ್ವರಗಳನ್ನು ಕೂರಿಸಿದ್ದು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುವ ಪಾಶ್ಚಾತ್ಯ ಲೆಕ್ಕದಲ್ಲಿ. ತಂಬೂರಿಯ ಜತೆ ಹಾಡುವವರ ಗಾಂಧಾರ ಒಂದು ಕಡೆ, ಪೇಟಿಯ ಗಾಂಧಾರ ಇನ್ನೊಂದು ಕಡೆ. ಇದನ್ನು ಸರಿಪಡಿಸಲು ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಐಸಿಎಸ್ ಅಧಿಕಾರಿ ಕ್ಲೆಮೆಂಟ್ಸ್ ಸೇರಿ 22 ಶ್ರುತಿಗಳ ಹಾರ್ಮೋನಿಯಂ ಒಂದನ್ನೇ ಮಾಡಿಸಿದ್ದರು. 1916ರ ಬರೋಡ ಸಂಗೀತ ಪರಿಷತ್ತಿನಲ್ಲಿ ಅದರ ಮೇಲೆ ದೊಡ್ಡ ಜಟಾಪಟಿ ನಡೆಯಿತು. ವಾದ್ಯ ಗೆಲ್ಲಲಿಲ್ಲ.

1930ರ ದಶಕದ ಕೊನೆಗೆ ಈ ಸಿಟ್ಟು ಆಲ್ ಇಂಡಿಯಾ ರೇಡಿಯೊದ ಒಳಗೆ ಬಂತು. ದೆಹಲಿ ನಿಲಯದ ಪಾಶ್ಚಾತ್ಯ ಸಂಗೀತ ವಿಭಾಗಕ್ಕೆ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರ ಮುಖ್ಯಸ್ಥರಾಗಿದ್ದರು. ರೇಡಿಯೊದ ಪತ್ರಿಕೆಯಲ್ಲಿ 1938ರಲ್ಲಿ ಅವರು ಹಾರ್ಮೋನಿಯಂ ಮೇಲೆ ಖಾರವಾದ ಲೇಖನ ಬರೆದರು. ಇಲ್ಲೊಂದು ಸ್ವಾರಸ್ಯ: ಫೌಲ್ಡ್ಸ್‌ಗೆ ಭಾರತೀಯ ಸಂಗೀತದ ಹುಚ್ಚು ಹಿಡಿಸಿದವರು ಅವರ ಪತ್ನಿ ಮಾಡ್ ಮ್ಯಾಕಾರ್ಥಿ. ಆಕೆ ಐರ್ಲೆಂಡಿನ ಕ್ಲಾನ್ಮೆಲ್ ಊರಿನಲ್ಲಿ ಹುಟ್ಟಿದ ಪಿಟೀಲುಗಾರ್ತಿ. ನಮ್ಮ 22 ಶ್ರುತಿಗಳನ್ನು ಹಾಡಿ ತೋರಿಸಬಲ್ಲವರಾಗಿದ್ದರು. ಫೌಲ್ಡ್ಸ್ 1939ರಲ್ಲಿ ಕಲ್ಕತ್ತದಲ್ಲಿ ಕಾಲರಾದಿಂದ ತೀರಿಕೊಂಡರು. 1940ರ ಜನವರಿಯಲ್ಲಿ ರವೀಂದ್ರನಾಥ ಟಾಗೋರರೂ ಹಾರ್ಮೋನಿಯಂ ತೆಗೆದುಹಾಕಿ ಎಂದು ಕಲ್ಕತ್ತ ನಿಲಯಕ್ಕೆ ಬರೆದರು. ಆಗ ರೇಡಿಯೊದ ಮೇಲಧಿಕಾರಿ ಲಯೊನೆಲ್ ಫೀಲ್ಡನ್. 1940ರ ಮಾರ್ಚ್ 1ರಿಂದ ದೇಶದ ಯಾವ ನಿಲಯದಲ್ಲೂ ಹಾರ್ಮೋನಿಯಂ ನುಡಿಯಬಾರದು ಎಂದು ಆಜ್ಞೆ ಹೊರಟಿತು.

ಇಂಗ್ಲಿಷರು ಹೋದರು, ಸ್ವಾತಂತ್ರ್ಯ ಬಂತು, ಆಜ್ಞೆ ಮಾತ್ರ ಹಾಗೇ ಕೂತಿತು. 1952ರಿಂದ ಹತ್ತು ವರ್ಷ ಪ್ರಸಾರ ಖಾತೆ ನೋಡಿಕೊಂಡ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳನ್ನೇ ಹೊರಹಾಕಿ ಕೇಳುಗರನ್ನು ರೇಡಿಯೊ ಸಿಲೋನ್ ಪಾಲು ಮಾಡಿದವರು. ಅವರ ಕಾಲದಲ್ಲಿ ಪೇಟಿಗೆ ಬಾಗಿಲು ತೆರೆಯುವುದು ದೂರದ ಮಾತಾಗಿತ್ತು.

ಈಗ ನಮ್ಮ ಸೀಮೆಗೆ ಬನ್ನಿ. ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರ ಜನವರಿ 8ರಂದು. ಸುತ್ತ ಹುಬ್ಬಳ್ಳಿ, ಗದಗ, ಕುಂದಗೋಳ, ಬೆಳಗಾವಿ. ಪೇಟಿಯ ದನಿ ಇಲ್ಲದೆ ಒಂದು ಗುರುವಾರದ ಭಜನೆಯೂ ಸಾಗದ ನಾಡು. ಅಂಥ ನಾಡಿನ ನಡುವೆ ನಿಂತ ನಿಲಯದ ಸ್ಟುಡಿಯೊಕ್ಕೆ ಪೇಟಿಗೆ ಪ್ರವೇಶವಿಲ್ಲ. ಪುಣೆ ನಿಲಯ ಶುರುವಾದದ್ದು 1953ರ ಅಕ್ಟೋಬರ್ 2ರಂದು. ಕುಂದಗೋಳದ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವವನ್ನು ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ಆರಂಭಿಸಿದ್ದೂ ಅದೇ 1953ರಲ್ಲಿ. ಉತ್ಸವದ ವೇದಿಕೆಗೆ ಹಾರ್ಮೋನಿಯಂ ಬೇಕು, ಅದೇ ಊರಿನ ರೇಡಿಯೊಕ್ಕೆ ಬೇಡ. ರಾತ್ರಿ ಪೇಟಿಯ ಜತೆ ಹಾಡಿದ ಗಾಯಕ ಬೆಳಗ್ಗೆ ಸ್ಟುಡಿಯೊಕ್ಕೆ ಬಂದರೆ ಪೇಟಿಯವನನ್ನು ಹೊರಗೆ ಬಿಟ್ಟು ಬರಬೇಕು.

ಬೆಳಗಾವಿಯ ರಾಮಭಾವು ಬಿಜಾಪುರೆ ಅವರ ಲೆಕ್ಕ ಹಾಕಿ ನೋಡಿದಾಗ ನನಗೆ ಇದರ ಭಾರ ತಿಳಿಯಿತು. ಅವರು ಹುಟ್ಟಿದ್ದು 1917ರಲ್ಲಿ, ಕಾಗವಾಡದಲ್ಲಿ. ನಿಷೇಧ ಬಂದಾಗ ವಯಸ್ಸು 23. ನಿಷೇಧ ಸಡಿಲವಾದದ್ದು 1971ರಲ್ಲಿ, ಆಗ 54. ಕಲಾವಿದನ ಬೆರಳು ಅತ್ಯಂತ ಚುರುಕಾಗಿರುವ 31 ವರ್ಷ! 1971ರಲ್ಲಾದರೂ ಸಿಕ್ಕದ್ದು ಸಾಥಿಯ ಅನುಮತಿ ಮಾತ್ರ. ಪೇಟಿಯವರು ಒಬ್ಬರೇ ಕೂತು ಅರ್ಧ ಗಂಟೆ ರಾಗ ನುಡಿಸುವುದಕ್ಕೆ ಬಾಗಿಲು ತೆರೆಯಲಿಲ್ಲ. ಬಿಜಾಪುರೆಯವರು 2010ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ದೀರ್ಘಾಯುಷಿಯಾದ್ದರಿಂದ ಅವರ ವಾದನದ ಧ್ವನಿಮುದ್ರಣಗಳು ನಮಗೆ ಉಳಿದಿವೆ, ಶಿಷ್ಯರೂ ಇದ್ದಾರೆ. ಪುಣೆಯ ಅಪ್ಪಾ ಜಳಗಾಂವಕರರೂ (1922–2009) ಹಾಗೆಯೇ. ಆದರೆ 1971ಕ್ಕೆ ಮೊದಲೇ ಕಣ್ಮುಚ್ಚಿದ ಕಂಪನಿ ಮಾಸ್ತರರ ಗತಿ? ಗ್ರಾಮೊಫೋನ್ ಕಂಪನಿಗಳಿಗೆ ಈ ನಿಷೇಧ ಅನ್ವಯಿಸುತ್ತಿರಲಿಲ್ಲ, ನಿಜ. ಆದರೆ ಅವರು ಮೂರು ಚಿಲ್ಲರೆ ನಿಮಿಷದ ತಟ್ಟೆಗೆ ಗಾಯಕರನ್ನು ಕರೆದರೇ ಹೊರತು ಹಳ್ಳಿಯ ಪೇಟಿಯವರನ್ನು ಹುಡುಕಿ ಹೋಗಲಿಲ್ಲ. ಹುಡುಕಿ ಹೋಗಬೇಕಾದದ್ದು ರೇಡಿಯೊದ ಕೆಲಸವಾಗಿತ್ತು.

ಐರ್ಲೆಂಡಿನಲ್ಲಿ ಅದೇ ಆಯಿತು. ಅಲ್ಲೂ ಕಾನ್ಸರ್ಟಿನಾ ದೊಡ್ಡ ಮರ್ಯಾದೆಯ ವಾದ್ಯವೇನಲ್ಲ. ಅಗ್ಗದ ವಾದ್ಯ, ಹಳ್ಳಿಯ ಅಡುಗೆಮನೆಯ ವಾದ್ಯ, ಕ್ಲೇರ್ ಸೀಮೆಯಲ್ಲಂತೂ ಹೆಂಗಸರ ಕೈಯ ವಾದ್ಯ. ಸಂಜೆ ನೆರೆಹೊರೆಯವರು ಒಂದು ಮನೆಯಲ್ಲಿ ಸೇರಿದರೆ ಅಡುಗೆಮನೆಯ ಕಲ್ಲುಹಾಸಿನ ಮೇಲೆ ಕುಣಿತ. 1935ರಲ್ಲಿ ಸಾರ್ವಜನಿಕ ನೃತ್ಯಶಾಲೆಗಳಿಗೆ ಪರವಾನಗಿ ಬೇಕೆಂಬ ಕಾನೂನು ಬಂತು. ಪಾದ್ರಿಗಳೂ ಪೊಲೀಸರೂ ಅದನ್ನು ಮನೆಯ ಕುಣಿತಗಳ ಮೇಲೂ ಪ್ರಯೋಗಿಸಿದರು. ಕಾನ್ಸರ್ಟಿನಾ ಅಟ್ಟ ಸೇರತೊಡಗಿತು. ಇಷ್ಟರವರೆಗೆ ಎರಡು ದೇಶಗಳ ಕಥೆ ಒಂದೇ.

ಆಮೇಲೆ ದಾರಿ ಕವಲೊಡೆಯಿತು. ನಮ್ಮಲ್ಲಿ ನಿಷೇಧ ಬಂದು ಎರಡು ವರ್ಷಕ್ಕೆ, 1942ರಲ್ಲಿ, ಷೇಮಸ್ ಎನಿಸ್ ಎಂಬ 23ರ ಹುಡುಗನನ್ನು ಐರಿಶ್ ಜಾನಪದ ಆಯೋಗ ಹಾಡುಗಳನ್ನು ಸಂಗ್ರಹಿಸಲು ನೇಮಿಸಿತು. (ಬಿಜಾಪುರೆಯವರಿಗಿಂತ ಎರಡು ವರ್ಷ ಚಿಕ್ಕವ, ಗಮನಿಸಿ.) ಸೈಕಲ್ಲು, ಕಾಗದ, ಪೆನ್ನು. ಐದು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಾಡು, ಮಟ್ಟುಗಳನ್ನು ಬರೆದುಕೊಂಡ. ಸ್ವತಃ ಪೈಪ್ ನುಡಿಸುವವನಾದ್ದರಿಂದ ಹಳ್ಳಿಯ ವಾದಕರು ಇವನನ್ನು ತಮ್ಮವನೆಂದೇ ಕಂಡರು. 1947ರಲ್ಲಿ ಐರಿಶ್ ರೇಡಿಯೊ ಅವನನ್ನು ಕರೆದುಕೊಂಡಿತು. ಧ್ವನಿಮುದ್ರಣ ಯಂತ್ರ ಹೊತ್ತ ವ್ಯಾನಿನಲ್ಲಿ ಊರೂರು ಸುತ್ತಿದ. 1954ರಲ್ಲಿ ಕಿಯರನ್ ಮಕ್‌ಮಹೂನ ಎಂಬ ಇನ್ನೊಬ್ಬರು ಸೇರಿದರು. ಅವರ ಮೈಕು ಕಿಲ್‌ರಷ್ ಊರಿನ ಒಂದು ಪಬ್ಬಿನ ಒಡತಿಯ ಮುಂದೆ ಬಂದು ನಿಂತಿತು. ಎಲಿಜಬೆತ್ ಕ್ರಾಟಿ, 1885ರಲ್ಲಿ ಹುಟ್ಟಿದವರು. ಎಪ್ಪತ್ತರ ಆಸುಪಾಸಿನ ಅಜ್ಜಿ. ಗಿರಾಕಿಗಳಿಗೆ ಸುರಿದುಕೊಡುತ್ತ ಬಿಡುವಿನಲ್ಲಿ ಕಾನ್ಸರ್ಟಿನಾ ಎತ್ತಿಕೊಳ್ಳುತ್ತಿದ್ದ ಮಿಸೆಸ್ ಕ್ರಾಟಿ ರೇಡಿಯೊದಿಂದಾಗಿ ದೇಶಕ್ಕೆಲ್ಲ ಪರಿಚಿತರಾದರು. 1960ರಲ್ಲಿ ತೀರಿಕೊಂಡರು. ರೇಡಿಯೊದವರು ಇನ್ನೊಂದು ಹತ್ತು ವರ್ಷ ತಡಮಾಡಿದ್ದರೆ ಅವರ ಹೆಸರು ಹೇಳಲು ನನಗೆ ಈಗ ಕಾರಣವೇ ಇರುತ್ತಿರಲಿಲ್ಲ.

ಕೇಳುವುದು ಹೇಗೆ ಅಂತೀರಾ? ಮಿಸೆಸ್ ಕ್ರಾಟಿಯವರ ಮುದ್ರಣಗಳಿಂದಲೇ ಶುರುಮಾಡಿ. ಮೊದಲ ಸಲ ತಾಳ ಮಾತ್ರ ಹಿಡಿಯಿರಿ. ಜಿಗ್ ಎಂದು ಕರೆಯುವ ಮಟ್ಟುಗಳು ತಕಿಟ ತಕಿಟ ಎಂದು ಮೂರರ ನಡೆಯಲ್ಲಿ ಹೋಗುತ್ತವೆ, ರೀಲ್ ಎಂಬವು ತಕಧಿಮಿ ತಕಧಿಮಿ. ಮಟ್ಟಿಗೆ ಸಾಮಾನ್ಯವಾಗಿ ಎರಡು ಭಾಗ. ಮೊದಲನೆಯದನ್ನು ಎರಡು ಸಲ, ಮೇಲಿನ ಸ್ಥಾಯಿಗೆ ಏರುವ ಎರಡನೆಯದನ್ನು ಎರಡು ಸಲ, ಮತ್ತೆ ಮೊದಲಿಂದ. ನಮ್ಮ ಸ್ಥಾಯಿ, ಅಂತರಾ ನೆನಪಾಗುತ್ತದೆ. "ಅದನ್ನೇ ಅದನ್ನೇ ಬಾರಿಸ್ತಾರಲ್ಲ" ಎಂದು ಬೇಸರಪಡಬೇಡಿ. ಎರಡನೆಯ ಸುತ್ತಿನಲ್ಲಿ ಎಲ್ಲೋ ಒಂದು ಸ್ವರದ ಮುಂದೆ ಮಿಂಚಿನಂಥ ಕಣಸ್ವರ ಬಂದಿರುತ್ತದೆ, ಮೂರನೆಯದರಲ್ಲಿ ಅದು ಜಾಗ ಬದಲಿಸಿರುತ್ತದೆ. ನಂತರ ತಿದಿಯನ್ನು ಕೇಳಿ. ನಮ್ಮ ಪೇಟಿಯ ಗಾಳಿ ಒಂದೇ ಸಮನೆ ಹರಿಯುತ್ತದೆ. ಐರಿಶ್ ಕಾನ್ಸರ್ಟಿನಾದಲ್ಲಿ ಒಳಗೆ ಹೊರಗೆ ತಿರುಗಿದಾಗಲೆಲ್ಲ ಸ್ವರ ಬದಲಾಗುವುದರಿಂದ ಒಂದು ಉಸಿರಿನ ಕುಲುಕು ಇರುತ್ತದೆ. ಕಾಲು ತಾನೇ ಕುಣಿಯುವುದು ಅದಕ್ಕೇ. ಆಮೇಲೆ ನೋಯಲ್ ಹಿಲ್ ಅವರ 1988ರ 'ದಿ ಐರಿಶ್ ಕಾನ್ಸರ್ಟಿನಾ' ಕೇಳಿ. ಒಂದು ಅಂಗೈ ಅಗಲದ ಷಟ್ಕೋನದ ಪೆಟ್ಟಿಗೆಯಿಂದ ಇಷ್ಟು ಬರುತ್ತದೆಯೇ ಎನ್ನಿಸದಿದ್ದರೆ ನನಗೆ ಫೋನು ಮಾಡಿ ಬೈಯಿರಿ.

ಪೈಪ್‌ನ ದನಿ ನಿಮಗೆ ಈಗಾಗಲೇ ಪರಿಚಿತ, ಹೆಸರು ಗೊತ್ತಿರಲಿಕ್ಕಿಲ್ಲ. 1997ರ 'ಟೈಟಾನಿಕ್' ಸಿನಿಮಾದ ಹಿನ್ನೆಲೆಯಲ್ಲಿ ಅಳುವ ವಾದ್ಯ ಅದೇ. ಸೇನೆಯ ಬ್ಯಾಂಡಿನವರು ಭುಜಕ್ಕೇರಿಸಿ ಊದುತ್ತ ನಡೆಯುವ ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ಬೇರೆ, ಇದು ಬೇರೆ. ಐರಿಶ್ ಇಲ್ಲನ್ ಪೈಪ್ ಅನ್ನು ಕೂತೇ ನುಡಿಸಬೇಕು. ಇಲ್ಲನ್ ಎಂದರೆ ಮೊಣಕೈ. ಬಲ ಮೊಣಕೈ ಕೆಳಗೆ ಒಂದು ಪುಟ್ಟ ತಿದಿ, ಎಡ ಮೊಣಕೈ ಕೆಳಗೆ ಗಾಳಿಯ ಚೀಲ, ಬಾಯಿಗೆ ಕೆಲಸವಿಲ್ಲ. ಇದರ ನಾಲಗೆಗಳು ಲಾಳದ ಕಡ್ಡಿಯವು, ಪೇಟಿಯ ಕುಲ ಅಲ್ಲ. ಆದರೆ ಮೂರು ಕೊಳವೆಗಳು ಮೂರು ಸ್ಥಾಯಿಗಳಲ್ಲಿ ಒಂದೇ ಆಧಾರ ಸ್ವರವನ್ನು ಬಿಡದೆ ಹಿಡಿದಿರುತ್ತವೆ. ಅದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ, ಶ್ರುತಿ! ನಮ್ಮ ದಕ್ಷಿಣದಲ್ಲೂ ಆಡಿನ ಚರ್ಮದ ತಿತ್ತಿ ಊದಿ ಶ್ರುತಿ ಹಿಡಿಯುತ್ತಿದ್ದರು. ಆ ಜಾಗಕ್ಕೆ ಮುಂದೆ ಬಂದದ್ದು ಶ್ರುತಿಪೆಟ್ಟಿಗೆ. ಶ್ರುತಿಪೆಟ್ಟಿಗೆ ಎಂದರೆ ಮನೆಗಳಿಲ್ಲದ ಹಾರ್ಮೋನಿಯಂ ತಾನೇ? ಅದನ್ನು ಯಾರೂ ಪರದೇಶಿ ಎನ್ನಲಿಲ್ಲ.

ಪೈಪ್‌ಗೆ ವಿಲಿ ಕ್ಲಾನ್ಸಿ, ಲಿಯೊ ರೌಸಮ್, ಮತ್ತೆ ನಮ್ಮ ರೇಡಿಯೊ ಕುಲಬಾಂಧವ ಷೇಮಸ್ ಎನಿಸ್. ರೌಸಮ್ ಅವರ 1959ರ ಎಲ್‌ಪಿಯ ಐರಿಶ್ ಹೆಸರಿನ ಅರ್ಥ ಪೈಪ್‌ಗಾರರ ರಾಜ. ಇನ್ನೂ ಹಿಂದೆ ಹೋಗಬೇಕೆಂದರೆ ಅಮೆರಿಕಕ್ಕೆ ವಲಸೆ ಹೋದ ಪ್ಯಾಟ್ಸಿ ಟೂಹಿ ಇದ್ದಾರೆ. 1901ರ ಹೊತ್ತಿಗೇ ಅವರು ಮನೆಯಲ್ಲಿ ಮೇಣದ ಸಿಲಿಂಡರುಗಳ ಮೇಲೆ ತಮ್ಮ ವಾದನವನ್ನು ಮುದ್ರಿಸಿ ಮಾರುತ್ತಿದ್ದರು. ಕರಕರ ಸದ್ದಿನ ನಡುವೆ ಕೇಳಿ. ರೊಟ್ಟಿ ಸುಡುವ ಒಲೆಯ ಪಕ್ಕ ಕೂತು ಕೇಳಿದ ಹಾಗಿರುತ್ತದೆ. ವೇಗದ ಮಟ್ಟುಗಳಿಗಿಂತ ಮೊದಲು ನಿಧಾನದ ಹಾಡಿನ ಮಟ್ಟುಗಳನ್ನು ಆರಿಸಿ. ಅವುಗಳಿಗೆ ತಾಳದ ಬಿಗಿ ಇಲ್ಲ, ಆಲಾಪದಂತೆ ಉಸಿರಿಗೆ ತಕ್ಕ ಹಾಗೆ ಸಾಗುತ್ತವೆ. ಪೇಟಿಗೆ ಬಾರದ ಮೀಂಡ್ ಇಲ್ಲಿ ಬರುತ್ತದೆ, ಬೆರಳು ರಂಧ್ರದ ಮೇಲಿಂದ ಮೆಲ್ಲಗೆ ಜಾರುತ್ತದೆ. 2017ರಲ್ಲಿ ಯುನೆಸ್ಕೊ ಈ ಪೈಪ್ ವಾದನವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನಿಷೇಧ ಹಾಕಿದವರು ಮೂರ್ಖರೆಂದು ನಾನು ಹೇಳುತ್ತಿಲ್ಲ. ಅವರ ಕಿವಿ ಸರಿಯಾಗಿಯೇ ಇತ್ತು. ಆ ವರ್ಷಗಳಲ್ಲಿ ಎಷ್ಟೋ ಸಾರಂಗಿಯವರಿಗೆ ನಿಲಯಗಳಲ್ಲಿ ಅನ್ನ ಸಿಕ್ಕಿತು, ಅದೂ ಒಳ್ಳೆಯದೇ. ಸಾರಂಗಿಗೆ ಕುರ್ಚಿ ಹಾಕಲು ಪೇಟಿಯನ್ನು ಬೀದಿಗೆ ದೂಡಬೇಕಿರಲಿಲ್ಲ ಎನ್ನುವುದಷ್ಟೇ ನನ್ನ ತಕರಾರು. ರಾಗಕ್ಕೆ ಪೇಟಿ ಪೂರ್ತಿ ಹೊಂದುವುದಿಲ್ಲವೆಂದರೆ ಒಪ್ಪೋಣ, ಆದರೆ ಬಯಲಾಟದ ಪದಕ್ಕೆ, ಕಂಪನಿಯ ಕಂದಕ್ಕೆ, ಭಜನೆಗೆ ಹೊಂದುತ್ತಿತ್ತಲ್ಲ?

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. 1971ಕ್ಕಿಂತ ಹಿಂದಿನ ಪೇಟಿಯ ದನಿ ಎಲ್ಲಾದರೂ ಉಳಿದಿದ್ದರೆ ಅದು ರೇಡಿಯೊದ ಕಪಾಟಿನಲ್ಲಿ ಅಲ್ಲ, ಮನೆಗಳಲ್ಲಿ ಉಳಿದಿರಬೇಕು. ಮದುವೆಯಲ್ಲೋ ಜಾತ್ರೆಯಲ್ಲೋ ಯಾರೋ ಸ್ಪೂಲ್ ಟೇಪಿನಲ್ಲಿ ಹಿಡಿದದ್ದು, ಆಮೇಲೆ ಕ್ಯಾಸೆಟ್ಟಿಗೆ ಇಳಿಸಿದ್ದು, ಅಜ್ಜನ ಟ್ರಂಕಿನಲ್ಲಿ ಬಟ್ಟೆ ಸುತ್ತಿಟ್ಟದ್ದು. ಊರಿಗೆ ಹೋದಾಗ ಒಮ್ಮೆ ನೋಡಿ. ಸಿಕ್ಕರೆ ಟೇಪ್ ರೆಕಾರ್ಡರಿಗೆ ಹಾಕಿ ಓಡಿಸಲು ಹೋಗಬೇಡಿ. ಹಳೆಯ ಟೇಪು ಜಿಗುಟಾಗಿ ಅಂಟಿಕೊಂಡಿರುತ್ತದೆ, ಒಮ್ಮೆ ಹರಿದರೆ ಹೋಯಿತು. ಬೂಷ್ಟು ಕಂಡರೂ ಒರೆಸಬೇಡಿ, ಹಾಗೆಯೇ ಒಣ ಜಾಗದಲ್ಲಿಡಿ. ಡಬ್ಬಿಯ ಮೇಲೆ ಯಾರು ನುಡಿಸಿದ್ದು, ಯಾವ ಊರು, ಯಾವ ವರ್ಷ ಎಂದು ಬರೆದಿದ್ದರೆ ಅದರದೊಂದು ಫೋಟೊ ತೆಗೆದು ನಮಗೆ ಕಳಿಸಿ. ಬರೆದಿಲ್ಲದಿದ್ದರೆ ಮನೆಯ ಹಿರಿಯರನ್ನು ಈ ಸಲವೇ ಕೇಳಿಕೊಂಡು ಬನ್ನಿ.